ನೂಲು ಎಲ್ಲಿ, ಗೇಣು ಎಲ್ಲಿ: ಹಳೇ ಬಾಗಿಲುವಾಡದಿಂದ ಒಂದು ಬೆಂಚು

ನಮ್ಮ ಕಡೆ ಮರಗೆಲಸದವರು ಒಂದು ಇಂಚನ್ನು ಎಂಟು ಭಾಗ ಮಾಡಿ, ಒಂದೊಂದಕ್ಕೂ ನೂಲು ಅನ್ನುತ್ತಾರೆ. ಮಿಲಿಮೀಟರಿನಲ್ಲಿ ಹೇಳುವುದಾದರೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಗೇಣು ಅಂದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ, ಸುಮಾರು 9 ಇಂಚು. ಮನೆಯಲ್ಲಿ ಏನಾದರೂ ಮಾಡಲು ಕೂತಾಗ ಈ ಎರಡು ಅಳತೆಯನ್ನೂ ಜೊತೆಗೆ ಇಟ್ಟುಕೊಳ್ಳಬೇಕು ಅನ್ನುವುದನ್ನು ನನಗೆ ಕಲಿಸಿದ್ದು ನಮ್ಮ ಬೀದಿಯ ಒಬ್ಬ ಆಚಾರ್ರು.

ಅವತ್ತು ನಾನು ಬೆಂಚಿನ ಹಲಗೆಯ ಅಡಿಭಾಗವನ್ನು ಎರಡು ಗಂಟೆಯಿಂದ ಕೀಸುತ್ತಿದ್ದೆ. ಅವರು ಬಂದು ನಿಂತು ನೋಡಿದರು. "ಅದರ ಅಡೀನ ಯಾರಪ್ಪ ನೋಡ್ತಾರೆ? ಕಾಲು ಸೇರೋ ಕಡೆ ಬೆಳಕು ಕಾಣ್ತಾ ಇದೆ, ಅದನ್ನ ನೋಡು ಮೊದ್ಲು" ಅಂದರು. ನಿಜ, ಸಂದಿನಲ್ಲಿ ಒಂದು ಕಾಗದ ತೂರುವಷ್ಟು ಜಾಗ ಇತ್ತು. ಎರಡು ಗಂಟೆ ಶ್ರಮ ಬೇಡದ ಕಡೆ ಹೋಗಿತ್ತು. ಬೇಕಾದ ಕಡೆ ಹತ್ತು ನಿಮಿಷವೂ ಹೋಗಿರಲಿಲ್ಲ.

ಅಚ್ಚುಕಟ್ಟಾಗಿ ಮಾಡಬೇಕು ಅನ್ನುವ ಆಸೆ, ದುಡ್ಡು ಮತ್ತು ಸಾಮಾನು ಪೋಲಾಗಬಾರದು ಅನ್ನುವ ಎಚ್ಚರ, ಎರಡೂ ಒಳ್ಳೆಯವೇ. ಎಲ್ಲ ಕಡೆಗೂ ಒಂದೇ ಸಮ ಹಚ್ಚಿದಾಗ ಮಾತ್ರ ಎರಡೂ ಕೆಡುತ್ತವೆ. ಎಲ್ಲಿ ನೂಲು ನೋಡಬೇಕು, ಎಲ್ಲಿ ಗೇಣು ಸಾಕು ಅಂತ ಗರಗಸ ಹಿಡಿಯುವ ಮುಂಚೆಯೇ ತೀರ್ಮಾನ ಮಾಡಿಕೊಂಡರೆ ಜಗಳ ಇರುವುದಿಲ್ಲ. ನಾನು ಮಾಡಿದ ಬೆಂಚನ್ನೇ ಇಟ್ಟುಕೊಂಡು ಹೇಳುತ್ತೇನೆ. ಬಾಗಿಲ ಪಕ್ಕ ಇಟ್ಟು, ಕೂತು ಚಪ್ಪಲಿ ಹಾಕಿಕೊಳ್ಳಲು ಬೇಕಾದ 4 ಅಡಿ ಉದ್ದದ ಬೆಂಚು. ಮರ ಮಾತ್ರ ಕೆಡವಿದ ಮನೆಯೊಂದರ ತೇಗದ ಬಾಗಿಲುವಾಡ, ಅಂದರೆ ಬಾಗಿಲಿನ ಚೌಕಟ್ಟು.

ಮೊದಲು ಒಂದು ಹಾಳೆ

ಚಿತ್ರ ಚೆನ್ನಾಗಿರಬೇಕಿಲ್ಲ. ಬೆಂಚಿನ ಒಂದು ಮುಖ, ಒಂದು ಪಕ್ಕ ಬರೆಯಿರಿ. ಆಮೇಲೆ ಪ್ರತಿಯೊಂದು ಭಾಗದ ಪಕ್ಕ "ನೂ" ಅಂತಲೋ "ಗೇ" ಅಂತಲೋ ಒಂದು ಅಕ್ಷರ ಹಾಕಿ. ಯಾವುದು ಯಾವುದಕ್ಕೆ ಅಂತ ತಿಳಿಯಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಭಾರ ಬೀಳುತ್ತಾ? ಇಲ್ಲಿ ಕೈಯೋ ಮೈಯೋ ತಾಗುತ್ತಾ? ಇದು ಅಲುಗಾಡುವ ಭಾಗವಾ, ಅಂದರೆ ಡ್ರಾಯರ್, ಬಾಗಿಲು, ಮುಚ್ಚಳದ ಥರ? ಮೂರರಲ್ಲಿ ಒಂದಕ್ಕೆ ಹೌದು ಅಂತ ಬಂದರೂ "ನೂ". ಮೂರಕ್ಕೂ ಇಲ್ಲ ಅಂತಾದರೆ "ಗೇ".

ನನ್ನ ಹಾಳೆಯಲ್ಲಿ "ನೂ" ಬಿದ್ದದ್ದು ಕಾಲು ಮತ್ತು ಅಡ್ಡಪಟ್ಟಿ ಸೇರುವ ಜಾಗಗಳಿಗೆ, ಕೂರುವ ಹಲಗೆಯ ಮೇಲ್ಮೈಗೆ, ಅದರ ಅಂಚಿಗೆ. ಹಲಗೆಯ ಅಡಿ, ಅಡ್ಡಪಟ್ಟಿಯ ಒಳಮುಖ, ಕಾಲಿನ ಒಳಮುಖ ಎಲ್ಲಾ "ಗೇ". ಅಡಿಭಾಗದಲ್ಲೂ ಒಂದು ಚೂರು ಜಾಗ ಮಾತ್ರ "ನೂ" ಆಯಿತು, ಅಂಚಿನಿಂದ ಒಳಕ್ಕೆ ಎರಡು ಇಂಚು. ಬೆಂಚು ಎತ್ತುವಾಗ ಬೆರಳು ಹೋಗುವುದು ಅಲ್ಲಿಗೇ. ಅಲ್ಲಿ ಸಿಬಿರು ಇದ್ದರೆ ಎತ್ತಿದವರಿಗೆಲ್ಲ ಚುಚ್ಚುತ್ತದೆ.

ಈ ಹಾಳೆಯನ್ನು ಗೋಡೆಗೆ ಅಂಟಿಸಿ. ಕೆಲಸದ ನಡುವೆ ಮನಸ್ಸು ಬದಲಾಗುತ್ತದೆ, ಹಾಳೆ ಬದಲಾಗುವುದಿಲ್ಲ.

ಹಳೇ ಮರ: ಉಳಿತಾಯ ನಿಜ, ಆದರೆ ಕೆಲಸವೂ ಇದೆ

ಹಳೇ ಬಾಗಿಲುವಾಡದ ಮರ ಒಣಗಿ ದಶಕಗಳಾಗಿರುತ್ತವೆ. ಹೊಸ ಮರದ ಹಾಗೆ ಆಮೇಲೆ ಸೊಟ್ಟಗಾಗುವ ಭಯ ಕಡಿಮೆ. ಕೆಡವಿದ ಮನೆಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಬಾಗಿಲು, ಕಿಟಕಿಗಳ ರಾಶಿಯಲ್ಲಿ ಗೆದ್ದಲು ತಿನ್ನದ ತುಂಡು ಹುಡುಕಬೇಕು. ಉಗುರಿನಿಂದಲೋ ಸ್ಕ್ರೂಡ್ರೈವರ್ ತುದಿಯಿಂದಲೋ ಒತ್ತಿ ನೋಡಿ. ಒಳಕ್ಕೆ ಹೋದರೆ ಬಿಟ್ಟುಬಿಡಿ, ಎಷ್ಟೇ ಅಗ್ಗ ಆಗಿರಲಿ.

ಮೊದಲ ಕೆಲಸ ಮೊಳೆ ತೆಗೆಯುವುದು. ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಆಡಿಸಿ. ಒಳಗೆ ಮುರಿದ ಮೊಳೆ ಇದ್ದರೆ ಅಲ್ಲಿ ಎಳೆಯುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೊಂದನ್ನೇ ತೆಗೆಯಿರಿ. ಇಲ್ಲಿ ಆತುರ ಬೇಡ. ಒಂದು ಮೊಳೆ ಉಳಿದರೂ ಸಾಮಿಲ್‌ನ ಗರಗಸದ ಹಲ್ಲು ಹೋಗುತ್ತದೆ, ಅದರ ದುಡ್ಡು ನಿಮ್ಮಿಂದಲೇ ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು.

ಇನ್ನೊಂದು ಮಾತನ್ನು ದಯವಿಟ್ಟು ಗಮನ ಇಟ್ಟು ಓದಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ಯಂತ್ರದಲ್ಲಂತೂ ಬೇಡವೇ ಬೇಡ. ಒದ್ದೆ ಮಾಡಿಕೊಂಡು ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಈ ಮಾಸ್ಕ್‌ನಲ್ಲಿ ದುಡ್ಡು ಉಳಿಸಬೇಡಿ.

ನನಗೆ ಸಿಕ್ಕ ವಾಡದಲ್ಲಿ 7 ಅಡಿಯ ಎರಡು ನಿಲುವು, 4 ಅಡಿಯ ಒಂದು ಮೇಲಿನ ತುಂಡು ಇತ್ತು. ಅಗಲ 4 ಇಂಚು, ದಪ್ಪ 3 ಇಂಚು. ಒಂದು ಮೂಲೆಯಲ್ಲಿ ಬಾಗಿಲು ಕೂರಲು ಅರ್ಧ ಇಂಚಿನ ಮೆಟ್ಟಿಲು ತೆಗೆದಿರುತ್ತಾರಲ್ಲ, ಅದೂ ಇತ್ತು. ಸಾಮಿಲ್‌ನಲ್ಲಿ ನಿಲುವನ್ನು ಉದ್ದಕ್ಕೆ ಸೀಳಿಸಿದರೆ ಒಂದೊಂದರಿಂದ ಎರಡೆರಡು ಹಲಗೆ. ಒಂದು ಪೂರ್ತಿ 4 ಇಂಚು ಅಗಲ. ಇನ್ನೊಂದು ಮೆಟ್ಟಿಲು ಕತ್ತರಿಸಿದ ಮೇಲೆ ಮೂರೂವರೆ ಇಂಚು.

ಇಲ್ಲಿ ನನ್ನ ಮೊದಲ ಯೋಚನೆ ಬೇರೆ ಇತ್ತು. ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಒಂದೇ ಅಖಂಡ ಹಲಗೆ ಮಾಡಬೇಕು ಅಂತಿದ್ದೆ. ಅದಕ್ಕೆ ಅಂಚುಗಳನ್ನು ಕೂದಲೆಳೆ ಬಿಡದಂತೆ ಕೀಸಬೇಕು, ಉದ್ದನೆಯ ಕ್ಲಾಂಪ್ ಐದಾರು ಬೇಕು. ಅದರ ಬದಲು ಎರಡು 4 ಇಂಚಿನ ಹಲಗೆ ಹೊರಗೆ, ಮೂರೂವರೆ ಇಂಚಿನದ್ದು ನಡುವೆ, ಮಧ್ಯೆ ಎರಡೆರಡು ನೂಲು ಸಂದು. ಒಟ್ಟು ಅಗಲ ಸರಿಯಾಗಿ 12 ಇಂಚು. ಕ್ಲಾಂಪಿನ ದುಡ್ಡು ಉಳಿಯಿತು, ಎರಡು ಭಾನುವಾರ ಉಳಿಯಿತು. ಬೆಂಚೂ ಇದರಿಂದ ಗಟ್ಟಿಯಾಗಿಯೇ ಉಳಿಯುತ್ತದೆ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಒಂದು ಅಡಿ ಅಗಲದ ಅಖಂಡ ಹಲಗೆ ವರ್ಷದಲ್ಲಿ ಒಂದರಿಂದ ಮೂರು ಮಿಲಿಮೀಟರ್ ಆಡಬಹುದು. ಅದನ್ನು ಬಿಗಿಯಾಗಿ ಹಿಡಿದಿಟ್ಟರೆ ಸೀಳುತ್ತದೆ. ಸಂದು ಬಿಟ್ಟರೆ ಹಿಗ್ಗಲು ಜಾಗ ಸಿಗುತ್ತದೆ. ಕಷ್ಟದ ಕೆಲಸ ಎದುರಾದಾಗ ಅದನ್ನು ಚೆನ್ನಾಗಿ ಮಾಡುವುದು ಹೇಗೆ ಅಂತ ಕೇಳುವ ಮುಂಚೆ, ಅದೇ ಬೇಡವಾಗುವ ಹಾಗೆ ಚಿತ್ರ ಬದಲಿಸಬಹುದಾ ಅಂತ ಕೇಳಿಕೊಳ್ಳಿ.

ಉಳಿದ ಮೂರೂವರೆ ಇಂಚಿನ ಹಲಗೆಯಿಂದ ಎರಡು ಉದ್ದ ಪಟ್ಟಿ. ಕೂರುವ ಹಲಗೆ ಕತ್ತರಿಸಿ ಉಳಿದ ಮೂರಡಿ ತುಂಡುಗಳಿಂದ ಎರಡು ಗಿಡ್ಡ ಪಟ್ಟಿ. ಮೇಲಿನ ತುಂಡನ್ನು ಸೀಳಿ 16½ ಇಂಚಿನ ನಾಲ್ಕು ಕಾಲು. ಮೆಟ್ಟಿಲು ಇರುವ ಮುಖ ಒಳಗೆ ಬರುವಂತೆ ನಿಲ್ಲಿಸಿದರೆ ಯಾರಿಗೂ ಕಾಣುವುದಿಲ್ಲ.

ಹಳೇ ಮರ ಸಿಗದೆ ಪ್ಲೈವುಡ್ ತರುವವರಿಗೆ ಎರಡೇ ಮಾತು. ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 303 ಸಾಮಾನ್ಯ ಬಳಕೆಯದ್ದು, ಐಎಸ್ 710 ನೀರು ತಡೆಯುವ ಮರೀನ್ ದರ್ಜೆ. ಸಿಂಕಿನ ಕೆಳಗೆ 710 ಹಾಕಿ, ಕೋಣೆಯೊಳಗಿನ ಪುಸ್ತಕದ ಕಪಾಟಿಗೆ ಅದರ ದುಡ್ಡು ಕೊಡಬೇಕಿಲ್ಲ. ಇನ್ನು ಗರಗಸವೂ ಮರ ತಿನ್ನುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 8 ಅಡಿ ಹಾಳೆಯಿಂದ ಎರಡೆರಡು ಅಡಿಯ ನಾಲ್ಕು ತುಂಡು ಬೇಕು ಅಂತಿಟ್ಟುಕೊಳ್ಳಿ. ಮೂರು ಕಡೆ ಕತ್ತರಿಸಬೇಕು. ಒಂದೊಂದಕ್ಕೆ 3 ಮಿಲಿಮೀಟರ್ ಹೋದರೆ ಕೊನೆಯ ತುಂಡು 9 ಮಿಲಿಮೀಟರ್ ಗಿಡ್ಡ.

ಹತಾರಕ್ಕೆ ದುಡ್ಡು ಹಾಕುವುದು ಎಲ್ಲಿ

ಹೊಸ ಹತಾರ ಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಈ ಬೆಂಚಿಗೆ ಬೇಕಾದದ್ದು ಒಂದು ಗರಗಸ, ಮೂಲೆ ನೇರ ಇದೆಯಾ ಅಂತ ನೋಡುವ ಒಂದು ಮೂಲೆಮಟ್ಟ, ಒಂದು ಉಳಿ, ಅದನ್ನು ಹೊಡೆಯಲು ಮರದ ಕೊಡತಿ, ಕೀಸಲು ಹತ್ತರಿ, ಡ್ರಿಲ್. ಡ್ರಿಲ್ ಯಾರಾದರೂ ಕೊಡುತ್ತಾರೆ, ಕೇಳಿ ತನ್ನಿ. ಮೂಲೆಮಟ್ಟ ಮಾತ್ರ ಒಳ್ಳೆಯದನ್ನು ಕೊಳ್ಳಿ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನೇರ ಅಂಚಿನ ಹಲಗೆಗೆ ಇಟ್ಟು ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಬಂದರೆ ಸರಿ. ಬಾಯಿ ಬಿಟ್ಟರೆ ವಾಪಸ್ ಇಡಿ.

ಉಳಿ ಯಾವುದಾದರೂ ನಡೆಯುತ್ತದೆ, ಹರಿತ ಇರಬೇಕು ಅಷ್ಟೇ. ದುಬಾರಿ ಸಾಣೆಕಲ್ಲು ಬೇಕಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ ನೀರಿಗೆ ತಡೆಯುವ ಉಪ್ಪುಕಾಗದ ಅಂಟಿಸಿ. 400, 1000, 2000 ನಂಬರಿನದ್ದು ಸಾಕು. ಮೊದಲು ಉಳಿಯ ಬೆನ್ನನ್ನು ಚಪ್ಪಟೆಯಾಗಿ ಉಜ್ಜಿ, ತುದಿಯ ಅರ್ಧ ಇಂಚು ಕನ್ನಡಿಯ ಹಾಗೆ ಹೊಳೆಯುವವರೆಗೆ. ಆಮೇಲೆ ಇಳಿಜಾರು ಮುಖ, 25ರಿಂದ 30 ಡಿಗ್ರಿ. ಹಾಳೆಯ ಅಂಚಿಗೆ ಹಿಡಿದರೆ ಹರಿಯದೆ ಕತ್ತರಿಸಬೇಕು. ಮೊಂಡು ಉಳಿಯಲ್ಲಿ ಎಷ್ಟು ನಿಧಾನ ಮಾಡಿದರೂ ಅಚ್ಚುಕಟ್ಟು ಬರುವುದಿಲ್ಲ, ಮೇಲಾಗಿ ಜಾರಿ ಕೈಗೆ ಬರುತ್ತದೆ.

ದುಡ್ಡು ಉಳಿಸಲು ಹೋಗಿ ನನಗೆ ನಷ್ಟ ಆದದ್ದು ಸ್ಕ್ರೂ ವಿಷಯದಲ್ಲಿ. ಒಂದು ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಅಗ್ಗಕ್ಕೆ ಸಿಕ್ಕಿದವು. ತೇಗಕ್ಕೆ ಹಾಕುವಾಗ ಮೂರರ ತಲೆ ಸವೆದುಹೋಯಿತು, ಒಂದು ಒಳಗೇ ಮುರಿಯಿತು. ಅದನ್ನು ತೆಗೆಯಲು ಹೋಗಿ ಹಲಗೆಯಲ್ಲಿ ಹೆಬ್ಬೆಟ್ಟು ಗಾತ್ರದ ಗುಳಿ ಬಿತ್ತು. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತನ್ನಿ. ಕಬ್ಬಿಣದ್ದು ಒದ್ದೆಯಾದರೆ ಮರದಲ್ಲಿ ಕಪ್ಪು ಕಲೆ ಬಿಡುತ್ತದೆ. ಮೊದಲು ಸಣ್ಣ ತೂತು ಕೊರೆಯಿರಿ, ಸ್ಕ್ರೂಗೆ ಮೇಣದಬತ್ತಿ ಉಜ್ಜಿ, ಆಮೇಲೆ ತಿರುಗಿಸಿ.

ಅಳತೆ

ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಆಡುತ್ತದೆ, ನೋಡಿರಬಹುದು. ಸಡಿಲ ಆಗಿದೆ ಅಂದುಕೊಂಡು ಎಷ್ಟೋ ಜನ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುತ್ತಾರೆ. ಹಾಗೆ ಮಾಡಬೇಡಿ. ಅದು ಕೊಕ್ಕೆಯ ದಪ್ಪದಷ್ಟೇ ಆಡುವಂತೆ ಮಾಡಿರುತ್ತಾರೆ. ಹೊರಗಿನಿಂದ ಎಳೆದು ಅಳೆದಾಗಲೂ, ಗೋಡೆಗೆ ಒತ್ತಿ ಅಳೆದಾಗಲೂ ಲೆಕ್ಕ ಸರಿ ಬರುವುದು ಅದರಿಂದಲೇ.

ಒಂದೇ ಅಳತೆಯ ತುಂಡುಗಳಿಗೆ ಟೇಪನ್ನು ಒಂದೇ ಸಲ ಬಳಸಿ. ನಾಲ್ಕು ಕಾಲನ್ನು ನಾಲ್ಕು ಸಲ ಅಳೆದರೆ ನಾಲ್ಕು ಥರ ಬರುತ್ತದೆ. ಒಂದು ಪಟ್ಟಿಯ ಮೇಲೆ 16½ ಇಂಚಿಗೆ ಚಾಕುವಿನಿಂದ ಗೀರು ಹಾಕಿ, ಅದನ್ನೇ ಎಲ್ಲದರ ಮೇಲೂ ಇಟ್ಟು ಗುರುತು ಮಾಡಿ. ನಿಜ ಹೇಳಬೇಕು ಅಂದರೆ ಕಾಲು 16½ ಇದ್ದರೇನು, 16¼ ಇದ್ದರೇನು, ಕೂರುವವರಿಗೆ ಗೊತ್ತಾಗುವುದಿಲ್ಲ. ಅದು ಗೇಣಿನ ಲೆಕ್ಕ. ನಾಲ್ಕೂ ಒಂದೇ ಸಮ ಇರಬೇಕು ಅನ್ನುವುದು ನೂಲಿನ ಲೆಕ್ಕ.

ಬೆಸೆಯುವ ಜಾಗ

ಇಲ್ಲಿ ಆತುರ ಪಡಬೇಡಿ. ಇಡೀ ಬೆಂಚಿಗೆ ಎಷ್ಟು ಹೊತ್ತು ಇಟ್ಟಿದ್ದೀರೋ ಅದರಲ್ಲಿ ಅರ್ಧ ಇಲ್ಲೇ ಹೋದರೂ ಪರವಾಗಿಲ್ಲ.

ಕಾಲಿನಲ್ಲಿ ಗುಳಿ ತೋಡಿ, ಪಟ್ಟಿಯ ತುದಿಯಲ್ಲಿ ನಾಲಿಗೆ ಬಿಟ್ಟು ಕೂರಿಸುವುದು ಹಳೇ ಪದ್ಧತಿ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗದ ಆಸುಪಾಸು. ನನ್ನ ಪಟ್ಟಿ ಕೀಸಿದ ಮೇಲೆ 9 ನೂಲು ಇತ್ತು, ಹಾಗಾಗಿ ನಾಲಿಗೆ 3 ನೂಲು. ನನ್ನ ಹತ್ತಿರ ಇದ್ದ ಉಳಿಯೂ 3 ನೂಲಿನದ್ದೇ. ಪುಸ್ತಕದ ಅಳತೆಗೆ ತಕ್ಕ ಉಳಿ ಕೊಳ್ಳುವ ಬದಲು, ಇರುವ ಉಳಿಯ ಅಗಲವನ್ನೇ ಗುಳಿಯ ಅಗಲ ಮಾಡಿಕೊಳ್ಳಿ. ಗುಳಿಯ ಗೋಡೆ ಉಳಿಯ ಅಂಚಿನಷ್ಟೇ ನೇರ ಬರುತ್ತದೆ, ದುಡ್ಡೂ ಖರ್ಚಾಗುವುದಿಲ್ಲ.

ಮೊದಲು ಗುಳಿ, ಆಮೇಲೆ ನಾಲಿಗೆ. ನಾಲಿಗೆಯನ್ನು ಗೆರೆಗಿಂತ ಒಂದು ಕೂದಲಷ್ಟು ದಪ್ಪ ಬಿಟ್ಟು ಕತ್ತರಿಸಿ. ಕೂರಿಸಿ ನೋಡಿ. ಹೋಗದಿದ್ದರೆ ಹೊಳೆಯುವ ಜಾಗ ಎಲ್ಲಿದೆ ಅಂತ ಹುಡುಕಿ, ಉಜ್ಜಿಕೊಳ್ಳುತ್ತಿರುವುದು ಅಲ್ಲೇ. ಉಳಿಯಿಂದ ಒಂದು ಪೊರೆ ತೆಗೆದು ಮತ್ತೆ ಕೂರಿಸಿ. ಅಂಗೈಯಿಂದ ಒತ್ತಿದರೆ ಹೋಗಬೇಕು, ಕೊಡತಿಯಲ್ಲಿ ಜೋರಾಗಿ ಹೊಡೆಯಬೇಕು ಅಂತಾದರೆ ಇನ್ನೂ ಬಿಗಿ ಇದೆ, ಕಾಲು ಸೀಳುತ್ತದೆ. ಬಿಟ್ಟರೆ ತಾನೇ ಬೀಳುತ್ತದೆ ಅಂತಾದರೆ ಜಾಸ್ತಿ ತೆಗೆದಿದ್ದೀರಿ.

ಜಾಸ್ತಿ ತೆಗೆದರೂ ಮರ ಎಸೆಯಬೇಡಿ. ಹತ್ತರಿಯಿಂದ ಬಂದ ಉದ್ದನೆಯ ಸಿಪ್ಪೆಯನ್ನು ನಾಲಿಗೆಯ ಪಕ್ಕಕ್ಕೆ ಗಮ್ ಹಚ್ಚಿ ಅಂಟಿಸಿ, ಒಣಗಿದ ಮೇಲೆ ಮತ್ತೆ ಸರಿಮಾಡಿ. ಒಂದು ಬೆಸುಗೆಗೆ ನಾನೂ ಹೀಗೇ ಮಾಡಿದ್ದೇನೆ, ಗಟ್ಟಿಯಾಗಿದೆ. ಹೊಟ್ಟು ಮತ್ತು ಗಮ್ ಕಲಸಿ ಸಂದಿಗೆ ತುಂಬುವುದು ಬೇರೆ. ಅದು ಕಣ್ಣಿಗೆ ಮುಚ್ಚುತ್ತದೆ, ಭಾರ ಹೊರುವುದಿಲ್ಲ. ಕಪಾಟಿನ ಮೂಲೆಗೆ ಸರಿ, ಬೆಂಚಿನ ಕಾಲಿಗೆ ಬೇಡ.

ಜೋಡಿಸುವುದು

ಗಮ್ ಹಚ್ಚುವ ಮುಂಚೆ ಒಮ್ಮೆ ಪೂರ್ತಿ ಒಣ ಜೋಡಣೆ ಮಾಡಿ. ಮೂಲೆಯಿಂದ ಮೂಲೆಗೆ ಎರಡು ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕಟ್ಟು ನೇರ. ಒಂದು ಉದ್ದ ಬಂದರೆ, ಆ ಉದ್ದದ ಕರ್ಣದ ಎರಡು ಮೂಲೆಯನ್ನು ಒಳಕ್ಕೆ ಒತ್ತಿದರೆ ಸರಿಹೋಗುತ್ತದೆ. ಒಂದು ನೂಲಿನೊಳಗಿನ ವ್ಯತ್ಯಾಸ ಬೆಂಚಿಗೆ ನಡೆಯುತ್ತದೆ. ಡ್ರಾಯರ್ ಇರುವ ಮೇಜಿಗೆ ನಡೆಯುವುದಿಲ್ಲ.

ತೇಗದಲ್ಲಿ ಎಣ್ಣೆಯ ಅಂಶ ಇದೆ. ಅಂಟಿಸುವ ಜಾಗವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆರಿದ ತಕ್ಷಣ ಗಮ್ ಹಚ್ಚಿ. ಬಾಗಿಲ ಬಳಿ ಇಡುವ ಸಾಮಾನಾದ್ದರಿಂದ ನೀರು ತಡೆಯುವ ಬಗೆಯ ಮರದ ಗಮ್ ತನ್ನಿ, ಸಾಮಾನ್ಯದ್ದಕ್ಕಿಂತ ಸ್ವಲ್ಪ ಜಾಸ್ತಿ ಆದರೂ. ಹೊರಗೆ ಉಕ್ಕಿದ್ದನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಮ್ ಉಳಿದ ಕಡೆ ಎಣ್ಣೆ ಹಿಡಿಯದೆ ಬಿಳಿಚಿಕೊಳ್ಳುತ್ತದೆ.

ಕ್ಲಾಂಪ್ ಇಲ್ಲದಿದ್ದರೆ ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ. ಉದ್ದಕ್ಕೆ ಪಟ್ಟಿ ಕತ್ತರಿಸಿ, ಎಳೆದು ಎಳೆದು ಚೌಕಟ್ಟಿಗೆ ಐದಾರು ಸುತ್ತು ಸುತ್ತಿ. ಪ್ರತಿ ಸುತ್ತಿಗೂ ಬಿಗಿ ಹೆಚ್ಚುತ್ತದೆ. ಒಂದು ದಿನ ಹಾಗೇ ಬಿಡಿ.

ಕೂರುವ ಹಲಗೆಗಳನ್ನು ಗಿಡ್ಡ ಪಟ್ಟಿಗೆ ಕೆಳಗಿನಿಂದ ಸ್ಕ್ರೂ ಹಾಕಿ ಕೂರಿಸಿ, ಗಮ್ ಬೇಡ. ನಡುವಿನ ಸಂದು ಒಂದೇ ಸಮ ಬರಲು ಎರಡು ನೂಲು ದಪ್ಪದ ಪ್ಲೈವುಡ್ ಚೂರನ್ನು ಮಧ್ಯೆ ಇಟ್ಟು ಬಿಗಿ ಮಾಡಿ, ಆಮೇಲೆ ತೆಗೆಯಿರಿ.

ಕುಂಟುವ ಕಾಲು

ಬೆಂಚು ನಿಲ್ಲಿಸಿದಿರಿ, ಕುಂಟುತ್ತಿದೆ. ಗರಗಸ ತೆಗೆದುಕೊಳ್ಳಬೇಡಿ. ಮೊದಲು ಬೆಂಚನ್ನು ತಿರುಗಿಸಿ ಬೇರೆ ಕಡೆ ಇಡಿ. ಕುಂಟುವ ಕಾಲು ಬದಲಾದರೆ ದೋಷ ನೆಲದ್ದು. ಹಳೇ ಮನೆಗಳ ಕೆಂಪು ಗಾರೆ ನೆಲ ಎಷ್ಟು ನುಣುಪಿದ್ದರೂ ಎಲ್ಲ ಕಡೆ ಮಟ್ಟವಾಗಿರುವುದಿಲ್ಲ.

ದೋಷ ಕಾಲಿನದ್ದೇ ಆದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯಂಥ ಸಮತಟ್ಟಾದ ಜಾಗದಲ್ಲಿಟ್ಟು, ಗಿಡ್ಡ ಕಾಲಿನ ಕೆಳಗೆ ರಟ್ಟಿನ ಚೂರು ತೂರಿಸಿ ಕುಂಟು ನಿಲ್ಲಿಸಿ. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ಆ ತುಂಡನ್ನು ಕಟ್ಟೆಯ ಮೇಲೆ ಸರಿಸುತ್ತಾ ನಾಲ್ಕು ಕಾಲಿಗೂ ಸುತ್ತ ಗೆರೆ ಎಳೆಯಿರಿ. ಗೆರೆಗೆ ಕತ್ತರಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಗೆರೆ ಇಲ್ಲದೆ ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಅಂತ ಕತ್ತರಿಸುತ್ತಾ ಹೋದವರ ಬೆಂಚು ಗಿಡ್ಡ ಆಗುತ್ತದೆ, ಕುಂಟು ಹೋಗುವುದಿಲ್ಲ.

ವ್ಯತ್ಯಾಸ ಅರ್ಧ ನೂಲಿನೊಳಗೆ ಇದ್ದರೆ ಕತ್ತರಿಸಲೇಬೇಡಿ. ಸವೆದ ಹವಾಯಿ ಚಪ್ಪಲಿಯಿಂದ ನಾಲ್ಕು ಬಿಲ್ಲೆ ಕತ್ತರಿಸಿ ಕಾಲಡಿಗೆ ಅಂಟಿಸಿ, ಗಿಡ್ಡ ಕಾಲಿಗೆ ಸ್ವಲ್ಪ ದಪ್ಪನೆಯದು. ನೆಲ ಒರೆಸಿದಾಗ ನೀರು ಮರಕ್ಕೆ ಹತ್ತದಿರಲೂ ಇದು ಬೇಕು.

ಉಜ್ಜುವುದು, ಎಣ್ಣೆ ಹಚ್ಚುವುದು

ಉಜ್ಜುವುದಕ್ಕೆ ಕೊನೆಯೇ ಇಲ್ಲ, ಅದಕ್ಕೇ ಮುಂಚೆಯೇ ಕೊನೆ ಗೊತ್ತುಮಾಡಿಕೊಳ್ಳಿ. ಮೇಲ್ಮೈಗೆ 80, 120, 180 ನಂಬರಿನ ಉಪ್ಪುಕಾಗದ. ಎಣ್ಣೆ ಹಚ್ಚುವ ಬೆಂಚಿಗೆ 180ರಲ್ಲಿ ನಿಲ್ಲಿಸಿ. ಕಾಲಿನ ಹೊರಮುಖಕ್ಕೆ 120 ಸಾಕು. ಹಲಗೆಯ ಅಡಿಯಲ್ಲಿ ಬೆರಳು ಹೋಗುವ ಆ ಎರಡು ಇಂಚು ಬಿಟ್ಟರೆ ಏನೂ ಬೇಡ, ಸಾಮಿಲ್ ಗರಗಸದ ಗೆರೆ ಹಾಗೇ ಇರಲಿ. ಯಾವಾಗಲೂ ಮರದ ಎಳೆಯ ಉದ್ದಕ್ಕೇ ಉಜ್ಜಿ. ಕತ್ತಲಾದ ಮೇಲೆ ಟಾರ್ಚನ್ನು ಹಲಗೆಗೆ ತಾಗುವಷ್ಟು ಕೆಳಗೆ ಹಿಡಿದರೆ ಉಳಿದ ಗೀರುಗಳೆಲ್ಲ ನೆರಳಾಗಿ ಕಾಣುತ್ತವೆ. ಕಂಡವನ್ನು ತೆಗೆಯಿರಿ. ಹಳೇ ಮೊಳೆಯ ತೂತುಗಳನ್ನು ನಾನು ಮುಚ್ಚಲಿಲ್ಲ. ಸುತ್ತ ಕಪ್ಪು ಉಂಗುರ ಕಟ್ಟಿಕೊಂಡ ಆ ತೂತುಗಳು ನನಗೆ ಇಷ್ಟ, ಈ ಮರ ಮುಂಚೆ ಯಾರದೋ ಮನೆಯ ಹೊಸ್ತಿಲ ಮೇಲೆ ನಿಂತಿತ್ತು ಅನ್ನುವುದು ಅವುಗಳಲ್ಲೇ ಇದೆ.

ಅರಗಿನ ಪಾಲಿಶ್ ಚೆಂದ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದ್ದೇ. ಆದರೆ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ ಅರಗಿನ ಮೇಲೆ ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ. ಒದ್ದೆ ಕೊಡೆ, ರೇನ್‌ಕೋಟ್ ಇಡುವ ಬೆಂಚಿಗೆ ಬೇಡ. ಅಗಸೆ ಎಣ್ಣೆ, ಅಂಗಡಿಯಲ್ಲಿ ಕುದಿಸಿದ ಲಿನ್‌ಸೀಡ್ ಅಂತ ಕೇಳಿ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ದಿನ ಬಿಟ್ಟು ದಿನ ಮೂರು ಸಲ. ಮುಂದೆ ಗೀರು ಬಿದ್ದರೂ ಅಷ್ಟೇ ಜಾಗ ಉಜ್ಜಿ ಮತ್ತೆ ಹಚ್ಚಬಹುದು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.

ಉಳಿದ ಚೂರುಗಳಲ್ಲಿ ಒಂದು ಗೇಣಿಗಿಂತ ಉದ್ದ ಇದ್ದವನ್ನು ಎತ್ತಿಡಿ. ಚಿಕ್ಕವನ್ನು ಸ್ನಾನದ ಒಲೆಗೆ ಕೊಡಿ, ಬಣ್ಣ ಹತ್ತಿದ ಚೂರನ್ನು ಮಾತ್ರ ಒಲೆಗೆ ಹಾಕಬೇಡಿ. ಮೊದಲ ಮಳೆಗಾಲ ಕಳೆದ ಮೇಲೆ ಬೆಂಚನ್ನು ಒಮ್ಮೆ ಮಗುಚಿ ನೋಡಿ. ಹಲಗೆ ಹಿಗ್ಗಿ ಕುಗ್ಗಿ ಸ್ಕ್ರೂ ಒಂದೆರಡು ಸಡಿಲ ಆಗಿರುತ್ತವೆ, ಸ್ಕ್ರೂವನ್ನು ಕಾಲುಭಾಗ ಸುತ್ತು ತಿರುಗಿಸಿ ಬಿಗಿ ಮಾಡಿ.